ಅರಿಶಿನ–ಕಾಳುಮೆಣಸಿನ ಮಾತ್ರೆ ಆಯಿಗೆ ಕೊಡಬಹುದಾ? ಮಸಾಲೆ, ಕ್ಯಾನ್ಸರ್ ಬಗ್ಗೆ ತಿಳಿದವರು ಹೇಳಿ

ಶಿರಸಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದಿಕೊಂಡು ಹೋಗುವುದೇ ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಆಯಿಗೆ (ಅಮ್ಮನಿಗೆ) 52 ವರ್ಷ. ಹೋದ ವರ್ಷ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು, ರೇಡಿಯೇಷನ್ ಮುಗಿಯಿತು. ಈಗ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ, ಐದು ವರ್ಷ ತಪ್ಪದೆ ತಗೊಳ್ಳಬೇಕು ಅಂದಿದ್ದಾರೆ. ಆಯಿ ಆರಾಮಿದ್ದಾಳೆ, ತೋಟಕ್ಕೂ ಹೋಗಿ ಬರುತ್ತಾಳೆ.

ಹೋದ ತಿಂಗಳು ಮಾವ ಬೆಂಗಳೂರಿನಿಂದ ಬರುವಾಗ ಮೂರು ಬಾಟಲಿ ಮಾತ್ರೆ ತಂದ. ಅರಿಶಿನದ ಸಾರ, ಜೊತೆಗೆ ಕಾಳುಮೆಣಸಿನ ಸಾರ. ಮೇಲೆ ದೊಡ್ಡದಾಗಿ ‘95% ಕರ್ಕ್ಯುಮಿನ್’ (ಅರಿಶಿನದ ಹಳದಿ ಅಂಶವಂತೆ), ಕೆಳಗೆ ‘20 ಪಟ್ಟು ಹೆಚ್ಚು ಹೀರಿಕೆ’ ಅಂತ ಇದೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಆವತ್ತಿನಿಂದ ದಿನಕ್ಕೊಂದು ಫಾರ್ವರ್ಡ್. ಅರಿಶಿನ ಕ್ಯಾನ್ಸರ್ ಕೊಲ್ಲುತ್ತದೆ, ಡಾಕ್ಟರುಗಳು ಇದನ್ನು ಮುಚ್ಚಿಡುತ್ತಾರೆ, ಇತ್ಯಾದಿ.

ನಾನು ಬೇಡ ಅಂದರೆ ಆಯಿ, "ಅರಿಶಿನ ಅಲ್ದಾ, ಎಂತಾ ಆಗ್ತು?" ಅನ್ನುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ. ನಮ್ಮ ಹಿತ್ತಲಲ್ಲೇ ಅರಿಶಿನ ಇದೆ, ಅಡಿಕೆ ಮರಕ್ಕೆಲ್ಲ ಮೆಣಸಿನ ಬಳ್ಳಿ ಇದೆ. ದಿನಾ ತಿನ್ನುವುದೇ ತಾನೇ?

ಕಷಾಯಪ್ರಿಯ

ತಂಗೀ, ಮೊದಲು ಆಯಿಗೆ ಬೇಗ ಪೂರ್ತಿ ಗುಣವಾಗಲಿ. ಮಾವ ತಂದಿದ್ದನ್ನು ಧೈರ್ಯವಾಗಿ ಕೊಡಿ. ನಮ್ಮ ಹಿರಿಯರು ಸುಮ್ನೆ ಅರಿಶಿನ ಬಳಸಲಿಲ್ಲ. ಗಾಯಕ್ಕೆ ಅರಿಶಿನ, ಕೆಮ್ಮಿಗೆ ಅರಿಶಿನ ಹಾಲು, ಬಾಣಂತಿಗೆ ಅರಿಶಿನ. ಅಮೆರಿಕದವರು 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಪೇಟೆಂಟ್ ಮಾಡಿಸಿಕೊಂಡಿದ್ದರು. ನಮ್ಮ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನವರು ಹಳೆಯ ಗ್ರಂಥಗಳನ್ನು ತೋರಿಸಿ ಜಗಳ ಆಡಿದ ಮೇಲೆ 1997ರಲ್ಲಿ ರದ್ದಾಯಿತು. ಏನೂ ಇಲ್ಲದಿದ್ದರೆ ಅವರು ಪೇಟೆಂಟ್ ಯಾಕೆ ಮಾಡಿಸುತ್ತಿದ್ದರು?

ಇನ್ನೊಂದು ಮಾತು. ಕಾಳುಮೆಣಸು ಸೇರಿಸಿದರೆ ಅರಿಶಿನ 20 ಪಟ್ಟು ಹೀರುತ್ತದೆ ಅನ್ನುವುದು ಸುಳ್ಳಲ್ಲ, ಅದನ್ನು ಕಂಡುಹಿಡಿದಿದ್ದೇ ಬೆಂಗಳೂರಿನಲ್ಲಿ.

ಔಷಧಿ ಅಂಗಡಿ

ಅಕ್ಕ, ದಯವಿಟ್ಟು ಆ ಮಾತ್ರೆ ನಿಲ್ಲಿಸಿ, ಆಯಿಯ ಡಾಕ್ಟರಿಗೆ ಫೋನ್ ಮಾಡಿ. ಟ್ಯಾಮಾಕ್ಸಿಫೆನ್ ಜೊತೆ ಅದು ಸರಿ ಹೋಗುವುದಿಲ್ಲ. ಕಾರಣ ರಾತ್ರಿ ಬರೆಯುತ್ತೇನೆ, ಈಗ ಕೌಂಟರಿನಲ್ಲಿ ಜನ ಇದ್ದಾರೆ.

ಶಿರಸಿ ಕಡೆಯವಳು

ಅಯ್ಯೋ. ಹತ್ತು ದಿನದಿಂದ ತಗೊಳ್ಳುತ್ತಿದ್ದಾಳೆ. ಈಗಲೇ ಆಯಿಗೆ ಫೋನ್ ಮಾಡುತ್ತೇನೆ.

ಲ್ಯಾಬ್ ಕೋಟು

ಕಷಾಯಪ್ರಿಯ ಸರ್ ಹೇಳಿದ ಬೆಂಗಳೂರಿನ ವಿಷಯ ನಿಜ. ಆದರೆ ಅದನ್ನು ಪೂರ್ತಿ ಹೇಳಬೇಕು. ಅರ್ಧ ಹೇಳಿದ್ದಕ್ಕೇ ಆ ಬಾಟಲಿ ಮಾರಾಟವಾಗುತ್ತಿದೆ.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಕೆಲವೇ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ನೋಡಿದರು. ರಕ್ತದಲ್ಲಿ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ಆಮೇಲೆ ಅದೇ 2 ಗ್ರಾಮಿನ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರು. ಪೈಪರಿನ್ ಅಂದರೆ ಕಾಳುಮೆಣಸಿನ ಖಾರದ ಅಂಶ. ಆಗ 2000% ಜಾಸ್ತಿಯಾಯಿತು. ನಿಮ್ಮ ಬಾಟಲಿಯ ‘20 ಪಟ್ಟು’ ಹುಟ್ಟಿದ್ದು ಇಲ್ಲಿ.

ಆದರೆ ಯಾವುದರ 20 ಪಟ್ಟು? ಜೇಬಿನಲ್ಲಿ ಎಂಟಾಣೆ ಇದ್ದವನಿಗೆ 20 ಪಟ್ಟು ಸಿಕ್ಕರೆ ಹತ್ತು ರೂಪಾಯಿ. ಆ ಏರಿಕೆಯೂ ಕಂಡಿದ್ದು ಮೊದಲ ಒಂದು ಗಂಟೆಯೊಳಗೆ, ಆಮೇಲೆ ಇಳಿಯಿತು. ಮತ್ತೆ ಅದು ಕ್ಯಾನ್ಸರ್ ಪರೀಕ್ಷೆಯೇ ಅಲ್ಲ. ರಕ್ತಕ್ಕೆ ಎಷ್ಟು ಸೇರುತ್ತದೆ ಅಂತ ನೋಡಿದ್ದು, ಅಷ್ಟೇ.

ನಾನು ಐದು ವರ್ಷ ಒಂದು ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದ್ದೇನೆ. ಗಿಡದ ಸಾರ ತೆಗೆಯುವುದು, ಕ್ಯಾನ್ಸರ್ ಜೀವಕೋಶದ ಮೇಲೆ ಹಾಕುವುದು, ಎಷ್ಟು ಸತ್ತವು ಅಂತ ಎಣಿಸುವುದು. ಹೇಗಿರುತ್ತದೆ ಅಂತ ಹೇಳುತ್ತೇನೆ.

ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 96 ಸಣ್ಣ ಗುಳಿ, ಪಡ್ಡಿನ ಕಾವಲಿ ತರಹ. ಪ್ರತಿ ಗುಳಿಯಲ್ಲಿ ಕೆಲವು ಸಾವಿರ ಜೀವಕೋಶ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಡಿಎಂಎಸ್‌ಒ ಅನ್ನುವ ದ್ರಾವಣದಲ್ಲಿ ಕರಗಿಸಿ ಹಾಕಬೇಕು. ಆ ದ್ರಾವಣ ಜಾಸ್ತಿಯಾದರೆ ಅದೇ ಜೀವಕೋಶ ಕೊಲ್ಲುತ್ತದೆ. ಎರಡು ದಿನ ಬಿಟ್ಟು ಇನ್ನೊಂದು ರಾಸಾಯನಿಕ ಹಾಕುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತಿದ್ದರೆ ಬಣ್ಣ ಬರುವುದಿಲ್ಲ. ಯಂತ್ರ ಬಣ್ಣ ಓದಿ ಲೆಕ್ಕ ಕೊಡುತ್ತದೆ.

ಈಗ ಯೋಚನೆ ಮಾಡಿ. ಅರಿಶಿನವೇ ಗಾಢ ಬಣ್ಣ. ನನ್ನ ಮೇಜು, ಪಿಪೆಟ್ಟು, ಕೋಟಿನ ತೋಳು ಎಲ್ಲ ಹಳದಿ. ಬಣ್ಣ ನೋಡಿ ಲೆಕ್ಕ ಹಾಕುವ ಪರೀಕ್ಷೆಗೆ ಬಣ್ಣವನ್ನೇ ಸುರಿದರೆ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಕೆಲವು ಗಿಡದ ಸಾರಗಳು ಜೀವಕೋಶವೇ ಇಲ್ಲದ ಗುಳಿಯಲ್ಲೂ ನೇರಳೆ ಬಣ್ಣ ತರುತ್ತವೆ. ನಾನೇ ಒಮ್ಮೆ ಖಾಲಿ ಗುಳಿ ಇಟ್ಟು ನೋಡದೆ ಮೂರು ತಿಂಗಳ ಕೆಲಸ ಹಾಳು ಮಾಡಿಕೊಂಡಿದ್ದೆ. ನಮ್ಮ ಗೈಡ್ ಬೈದ ಬೈಗುಳ ಇನ್ನೂ ನೆನಪಿದೆ.

ಹಾಗಂತ ಎಲ್ಲ ಸುಳ್ಳು ಅಂತಲ್ಲ. ಸರಿಯಾಗಿ ಮಾಡಿದಾಗಲೂ ತಟ್ಟೆಯಲ್ಲಿ ಕೋಶ ಸಾಯುತ್ತವೆ. ಶುಂಠಿ, ಬೆಳ್ಳುಳ್ಳಿ, ಲವಂಗ, ಮೆಣಸಿನಕಾಯಿ, ಕರಿಜೀರಿಗೆ, ಎಲ್ಲದರ ಸಾರಕ್ಕೂ ಸಾಯುತ್ತವೆ. ವಿನೆಗರ್ ಹಾಕಿದರೂ ಸಾಯುತ್ತವೆ. ತಟ್ಟೆಯಲ್ಲಿ ಕೊಲ್ಲುವುದು ಕಷ್ಟವೇ ಅಲ್ಲ. ಮನುಷ್ಯನ ಮೈಯಲ್ಲಿ, ಒಳ್ಳೆಯ ಕೋಶ ಬಿಟ್ಟು ಕೆಟ್ಟದ್ದನ್ನು ಮಾತ್ರ ಕೊಲ್ಲುವುದು ಕಷ್ಟ.

ಬ್ಯಾಡಗಿ ಖಾರ

ಪಡ್ಡಿನ ಕಾವಲಿ ಹೋಲಿಕೆ ಬಾಳ ಚಲೋ ಆಯ್ತು ಸರ. ಈಗ ಪಡ್ಡು ತಿನ್ನಬೇಕು ಅನ್ನಿಸಿತು.

ಔಷಧಿ ಅಂಗಡಿ

ಅಂಗಡಿ ಮುಚ್ಚಿ ಬಂದೆ, ಈಗ ಬರೆಯುತ್ತೇನೆ.

ಟ್ಯಾಮಾಕ್ಸಿಫೆನ್ ನುಂಗಿದ ಕೂಡಲೇ ಪೂರ್ತಿ ಕೆಲಸ ಮಾಡುವುದಿಲ್ಲ. ಯಕೃತ್ತು ಅದನ್ನು ಎಂಡಾಕ್ಸಿಫೆನ್ ಅನ್ನುವ ರೂಪಕ್ಕೆ ತಿರುಗಿಸಬೇಕು, ಹೆಚ್ಚಿನ ಕೆಲಸ ಅದರದ್ದು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ಟ್ಯಾಮಾಕ್ಸಿಫೆನ್ ತಗೊಳ್ಳುತ್ತಿದ್ದ 16 ಮಂದಿಗೆ ಕರ್ಕ್ಯುಮಿನ್ ಕೊಟ್ಟು ನೋಡಿದರು, ಪೈಪರಿನ್ ಸೇರಿಸಿಯೂ ನೋಡಿದರು. ಎರಡರಲ್ಲೂ ಎಂಡಾಕ್ಸಿಫೆನ್ ಮಟ್ಟ ಇಳಿಯಿತು. ಪೈಪರಿನ್ ಸೇರಿದಾಗ ಇಳಿತ ಜಾಸ್ತಿ, ಸುಮಾರು 12%.

12% ಅಷ್ಟೇ ಅಲ್ವಾ ಅನ್ನಿಸಬಹುದು. ಕೆಲವರ ಮೈಯಲ್ಲಿ ಮೊದಲಿಂದಲೇ ಎಂಡಾಕ್ಸಿಫೆನ್ ಕಡಿಮೆ ತಯಾರಾಗುತ್ತದೆ, ಔಷಧ ಕೆಲಸ ಮಾಡಲು ಬೇಕಾದ ಕನಿಷ್ಠ ಮಟ್ಟದ ಗೆರೆಯ ಮೇಲೆ ನಿಂತಿರುತ್ತಾರೆ. ಅಂಥವರಿಗೆ ಅಷ್ಟು ಇಳಿದರೆ ಗೆರೆಯ ಕೆಳಗೆ ಹೋಗುತ್ತಾರೆ. ಆಯಿ ಯಾವ ಕಡೆ ಇದ್ದಾರೆ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಕ್ಯಾನ್ಸರ್ ತಡೆಯಲಿ ಅಂತ ತಂದ ಮಾತ್ರೆ, ಕ್ಯಾನ್ಸರ್ ತಡೆಯುತ್ತಿರುವ ಮಾತ್ರೆಗೇ ಅಡ್ಡ ಬಂದರೆ ಹೇಗೆ?

ಪೈಪರಿನ್ನಿನ ಗುಣವೇ ಅದು. ಮೈಗೆ ಬಂದ ಹೊರಗಿನ ವಸ್ತುವನ್ನು ಒಡೆದು ಹೊರಗೆ ಹಾಕುವ ಕಿಣ್ವಗಳ ಕೈ ಕಟ್ಟುತ್ತದೆ. ಕರ್ಕ್ಯುಮಿನ್ ರಕ್ತದಲ್ಲಿ ಜಾಸ್ತಿ ಉಳಿಯುವುದೂ ಅದರಿಂದಲೇ. ಆದರೆ ಆ ಕಿಣ್ವಗಳಿಗೆ ಬೇರೆ ಮಾತ್ರೆಗಳ ಕೆಲಸವೂ ಇರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನಲಾಲ್ ಇವೆಲ್ಲ ಪೈಪರಿನ್ ಜೊತೆ ರಕ್ತದಲ್ಲಿ ಏರುವುದು ಕಂಡಿದೆ.

ನನ್ನ ಅಂಗಡಿಗೂ ಇಂಥ ಬಾಟಲಿ ಬರುತ್ತವೆ. ನಾನೂ ಮಾರಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಈಗ ಬೇರೆ ಏನು ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳದೆ ಕೊಡುವುದಿಲ್ಲ. ಅದಕ್ಕೂ ಕೆಲವರು ಮುಖ ಗಂಟು ಹಾಕುತ್ತಾರೆ.

ಕಷಾಯಪ್ರಿಯ

ಟ್ಯಾಮಾಕ್ಸಿಫೆನ್ ವಿಷಯ ನನಗೆ ಗೊತ್ತಿರಲಿಲ್ಲ. ತಂಗೀ, ಹಾಗಿದ್ದರೆ ಮಾತ್ರೆ ಬೇಡ. ನನ್ನ ಮಾತು ವಾಪಸ್ ತಗೊಂಡೆ.

ಆದರೆ ಲ್ಯಾಬ್ ಕೋಟು ಅವರಿಗೆ ಒಂದು ಪ್ರಶ್ನೆ. ನೀವು ಹೇಳುವುದು ನೋಡಿದರೆ ಗಿಡದಿಂದ ಕ್ಯಾನ್ಸರ್ ಔಷಧವೇ ಆಗದು ಅನ್ನುವಂತಿದೆ. ಹಾಗಾದರೆ ನಿತ್ಯಪುಷ್ಪ?

ಲ್ಯಾಬ್ ಕೋಟು

ಒಳ್ಳೆಯ ಪ್ರಶ್ನೆ ಸರ್. ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಬಂದವು. ಮಕ್ಕಳ ರಕ್ತ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇವತ್ತಿಗೂ ಕೊಡುತ್ತಾರೆ. ಅದರ ಕಥೆ ಚೆನ್ನಾಗಿದೆ. ಜಮೈಕಾದಲ್ಲಿ ಆ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಅಲ್ಲಿಂದ ಕೆನಡಾದ ಲ್ಯಾಬಿಗೆ ಒಂದು ಕವರಿನಲ್ಲಿ ಎಲೆ ಬಂತು. ಇಲಿಗಳಿಗೆ ಕೊಟ್ಟರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಅಲ್ಲಿಂದ ದಾರಿ ತಿರುಗಿತು. ಯೂ ಮರದ ತೊಗಟೆಯಿಂದ ಪ್ಯಾಕ್ಲಿಟ್ಯಾಕ್ಸೆಲ್ ಬಂತು. ನಮ್ಮ ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಅನ್ನುವ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ, ಅದರಿಂದ ಎರಡು ಕೀಮೋ ಔಷಧ ಆಗಿವೆ. ಆ ಮರಕ್ಕೂ ಅದೇ ಮುಳುವಾಯಿತು, ಕಡಿದು ಸಾಗಿಸಿದರು.

ಆದರೆ ಗಮನಿಸಿ ಸರ್. ಇವು ಯಾವುದನ್ನೂ ನಾವು ಒಗ್ಗರಣೆಗೆ ಹಾಕುವುದಿಲ್ಲ. ಎಲ್ಲ ವಿಷ. ವಿಷ ಆದ್ದರಿಂದಲೇ ಔಷಧ ಆದವು. ಇಷ್ಟೇ ಇಷ್ಟು ಅಳೆದು, ನರಕ್ಕೆ ಕೊಟ್ಟು, ಕೂದಲು ಉದುರಿದರೂ ಸಹಿಸಿಕೊಂಡು ತಗೊಳ್ಳುವಂಥವು. ಮಸಾಲೆಯನ್ನು ದಿನಾ ತಿಂದರೂ ಏನೂ ಆಗುವುದಿಲ್ಲ ಅನ್ನುತ್ತೇವಲ್ಲ, ಆ ಸೌಮ್ಯ ಗುಣವೇ ಅದು ಕೀಮೋ ಆಗದಿರಲು ಒಂದು ಕಾರಣ.

ದೂರದೂರಿನವ

ನಾನು ಅಮೆರಿಕದಲ್ಲಿ ಇರುವುದು. ಇಲ್ಲಿ ಅರಿಶಿನದ ಕ್ಯಾಪ್ಸೂಲ್ ಸೂಪರ್ ಮಾರ್ಕೆಟಿನಲ್ಲಿ ಬ್ರೆಡ್ ಪಕ್ಕದಲ್ಲೇ ಸಿಗುತ್ತದೆ. ಕಾಫಿಗೂ ಅರಿಶಿನ ಹಾಕಿ ‘ಗೋಲ್ಡನ್ ಲಾಟೆ’ ಅಂತ ಮಾರುತ್ತಾರೆ. ನಮ್ಮಜ್ಜಿ ಜ್ವರಕ್ಕೆ ಕೊಡುತ್ತಿದ್ದ ಹಾಲಿಗೆ ಇಲ್ಲಿ ಆರು ಡಾಲರ್.

ಒಂದು ಎಚ್ಚರಿಕೆ. ಯಕೃತ್ತಿಗೆ ಔಷಧಗಳಿಂದ ಆಗುವ ಹಾನಿಯನ್ನು ದಾಖಲಿಸುವ ಇಲ್ಲಿನ ವೈದ್ಯರ ಜಾಲ 2022ರಲ್ಲಿ ಅರಿಶಿನದ ಮಾತ್ರೆಯಿಂದ ಯಕೃತ್ತು ಕೆಟ್ಟ 10 ಮಂದಿಯ ವಿವರ ಕೊಟ್ಟಿತು. ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿಯಲ್ಲಿ ಒಂದೇ ಬಗೆಯ ಜೀನ್ ಇತ್ತು. ಅಂದರೆ ಎಲ್ಲರಿಗೂ ಆಗುವುದಿಲ್ಲ, ಯಾರಿಗೆ ಆಗುತ್ತದೆ ಅಂತ ಮೊದಲೇ ಗೊತ್ತಾಗುವುದೂ ಇಲ್ಲ. ಇದೆಲ್ಲ ಮಾತ್ರೆಯ ಕಥೆ, ಸಾರಿನದ್ದಲ್ಲ.

ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿದ್ದ ಭರತ್ ಅಗರ್‌ವಾಲ್ ಹೆಸರು ಕೇಳಿರಬಹುದು. ಕರ್ಕ್ಯುಮಿನ್ ಬಗ್ಗೆ ಅವರಷ್ಟು ಬರೆದವರು ಕಡಿಮೆ. ನಿಮ್ಮ ಫಾರ್ವರ್ಡ್‌ಗಳಲ್ಲಿ ‘ಅಮೆರಿಕದ ವಿಜ್ಞಾನಿಗಳು ಹೇಳಿದ್ದಾರೆ’ ಅಂತ ಬರುವುದರಲ್ಲಿ ಎಷ್ಟೋ ಅವರ ಲ್ಯಾಬಿನದ್ದೇ. ಚಿತ್ರಗಳಲ್ಲಿ ದೋಷ ಕಂಡು ಅವರ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು. ಫಾರ್ವರ್ಡ್‌ಗಳನ್ನು ಮಾತ್ರ ಯಾರೂ ಹಿಂತೆಗೆದುಕೊಳ್ಳಲಿಲ್ಲ.

ಕಷಾಯಪ್ರಿಯ

ಒಬ್ಬರು ತಪ್ಪು ಮಾಡಿದರೆ ಅರಿಶಿನದ್ದೇನು ತಪ್ಪು?

ದೂರದೂರಿನವ

ಅರಿಶಿನದ್ದು ತಪ್ಪಿಲ್ಲ ಸರ್. ಲೇಬಲ್ಲಿನದ್ದು.

ಲ್ಯಾಬ್ ಕೋಟು

ಮನುಷ್ಯರ ಮೇಲಿನ ಪರೀಕ್ಷೆಗಳ ಬಗ್ಗೆಯೂ ಸ್ವಲ್ಪ ಹೇಳಿಬಿಡುತ್ತೇನೆ.

ಕೇರಳದ ತ್ರಿಶೂರಿನ ಅಮಲಾ ಕ್ಯಾನ್ಸರ್ ಕೇಂದ್ರದವರು 1985ರಲ್ಲೇ ಅರಿಶಿನದ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ನೋಡಿದ್ದರು. 1987ರಲ್ಲಿ ಹೊರಗೆ ಹುಣ್ಣಾದ ಕ್ಯಾನ್ಸರಿನ 62 ರೋಗಿಗಳಿಗೆ ಅರಿಶಿನದ ಸಾರ, ಮುಲಾಮು ಹಚ್ಚಿದ ವರದಿ ಬಂತು. ಹೆಚ್ಚಿನವರಲ್ಲಿ ವಾಸನೆ ಕಡಿಮೆಯಾಯಿತು, ಹಲವರಿಗೆ ತುರಿಕೆ ಇಳಿಯಿತು. ರೋಗ ಹೋಯಿತು ಅಂತ ಅವರೂ ಹೇಳಲಿಲ್ಲ. ಆದರೆ ಅಂಥ ಹುಣ್ಣಿನ ವಾಸನೆಯನ್ನು ಮನೆಯಲ್ಲಿ ಅನುಭವಿಸಿದವರಿಗೆ ಅದು ಸಣ್ಣ ವಿಷಯ ಅಲ್ಲ.

ಈಗ ದೊಡ್ಡ ಪಾಠ ಒಂದಿದೆ. ಕರುಳಿನಲ್ಲಿ ನೂರಾರು ಗಂಟು ಬೆಳೆಯುವ ವಂಶಪಾರಂಪರ್ಯ ಕಾಯಿಲೆ ಒಂದಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ. 2006ರಲ್ಲಿ ಅಂಥ ಐದು ಮಂದಿಗೆ ಕರ್ಕ್ಯುಮಿನ್, ಜೊತೆಗೆ ಈರುಳ್ಳಿಯಲ್ಲೂ ಇರುವ ಕ್ವೆರ್ಸೆಟಿನ್ ಕೊಟ್ಟರು. ಗಂಟುಗಳು ಸುಮಾರು 60% ಕಡಿಮೆಯಾದವು. ಎಲ್ಲರೂ ಕುಣಿದರು. ಅದೇ ವೈದ್ಯೆ ಆಮೇಲೆ 44 ಮಂದಿಯನ್ನು ಸೇರಿಸಿ, ಕೆಲವರಿಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್, ಉಳಿದವರಿಗೆ ಏನೂ ಇಲ್ಲದ ಸಪ್ಪೆ ಮಾತ್ರೆ ಕೊಟ್ಟು ಒಂದು ವರ್ಷ ನೋಡಿದರು. ಯಾರಿಗೆ ಯಾವುದು ಅಂತ ಯಾರಿಗೂ ಹೇಳಲಿಲ್ಲ. 2018ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪು ಒಂದೇ. ಯಾವ ವ್ಯತ್ಯಾಸವೂ ಇಲ್ಲ. ತಾನೇ ಬರೆದ ಒಳ್ಳೆಯ ಸುದ್ದಿಯನ್ನು ತಾನೇ ಪರೀಕ್ಷೆ ಮಾಡಿ, ಇಲ್ಲ ಅಂತ ಅಚ್ಚು ಹಾಕಿಸಿದ್ದಕ್ಕೆ ಆಕೆಗೆ ನನ್ನ ನಮಸ್ಕಾರ.

ಮೇದೋಜೀರಕದ ಕ್ಯಾನ್ಸರಿಗೆ ದಿನಕ್ಕೆ 8 ಗ್ರಾಂ ಕೊಟ್ಟು ನೋಡಿದ್ದಾರೆ, 2008ರಲ್ಲಿ. 25 ಮಂದಿಯಲ್ಲಿ ಇಬ್ಬರಲ್ಲಿ ಮಾತ್ರ ಏನೋ ಪರಿಣಾಮ ಕಂಡಿತು. ಒಬ್ಬರ ಗಡ್ಡೆ ಚೆನ್ನಾಗಿಯೇ ಕುಗ್ಗಿತು, ಆದರೆ ಸ್ವಲ್ಪ ಕಾಲ ಮಾತ್ರ. ಬೇರೆ ಬೇರೆ ಕಾಯಿಲೆಗೆ 120ಕ್ಕೂ ಹೆಚ್ಚು ಪರೀಕ್ಷೆ ಆಗಿವೆ, ಸಪ್ಪೆ ಮಾತ್ರೆಯ ಎದುರು ಖಚಿತವಾಗಿ ಗೆದ್ದದ್ದು ಒಂದೂ ಇಲ್ಲ ಅಂತ 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಬರೆಯಿತು. ಆಮೇಲೆ ಅರ್ಮೇನಿಯಾದಲ್ಲಿ ಸ್ತನ ಕ್ಯಾನ್ಸರಿನ 150 ಮಹಿಳೆಯರಿಗೆ ಕೀಮೋ ಜೊತೆ ಕರ್ಕ್ಯುಮಿನ್ ನರಕ್ಕೆ ಕೊಟ್ಟಾಗ ಗಡ್ಡೆ ಕುಗ್ಗಿದವರು ಸ್ವಲ್ಪ ಜಾಸ್ತಿ ಇದ್ದರು. ಅದು ಆಸ್ಪತ್ರೆಯಲ್ಲಿ ನರಕ್ಕೆ ಕೊಟ್ಟಿದ್ದು. ಬಾಟಲಿ ಕಂಪನಿಯವರು ಇದನ್ನೂ ಎತ್ತಿಕೊಂಡು ಬರುತ್ತಾರೆ, ನೋಡುತ್ತಿರಿ.

ಮನೆ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಾರಿಗೆ ಕಾಲು ಚಮಚ ಅರಿಶಿನ ಅಂದರೆ ಒಂದು ಗ್ರಾಂ ಕೂಡ ಇಲ್ಲ. ಅದರಲ್ಲಿ ಕರ್ಕ್ಯುಮಿನ್ 3% ಅಂತ ಇಟ್ಟುಕೊಳ್ಳಿ. ಇಡೀ ಪಾತ್ರೆಗೆ ಇಪ್ಪತ್ತು ಚಿಲ್ಲರೆ ಮಿಲಿಗ್ರಾಂ, ಅದನ್ನು ನಾಲ್ಕು ಮಂದಿ ಉಣ್ಣುತ್ತೀರಿ. ಆ 8 ಗ್ರಾಂ ಊಟದಿಂದಲೇ ಬರಬೇಕಾದರೆ ಒಬ್ಬರೇ ದಿನಕ್ಕೆ ಕಾಲು ಕೆಜಿಗಿಂತ ಜಾಸ್ತಿ ಅರಿಶಿನ ಪುಡಿ ತಿನ್ನಬೇಕು. ಹಾಗಾಗಿ "ದಿನಾ ತಿನ್ನುವುದೇ ತಾನೇ" ಅನ್ನುವ ಪ್ರಶ್ನೆಗೆ ಉತ್ತರ, ಅಲ್ಲ. ದಿನಾ ತಿನ್ನುವುದು ಬೇರೆ, ಬಾಟಲಿಯಲ್ಲಿ ಇರುವುದು ಬೇರೆ.

ಒಳ್ಳೆಮೆಣಸು

ಎಲ್ಲರೂ ಗುಣ ಆಗುತ್ತದಾ ಇಲ್ವಾ ಅಂತ ಮಾತ್ರ ಮಾತಾಡುತ್ತಿದ್ದೀರಿ. ನಾನು ಮಂಗಳೂರು ಕಡೆ ರೇಡಿಯೇಷನ್ ವಿಭಾಗದಲ್ಲಿ ನರ್ಸ್ ಆಗಿದ್ದವಳು. ನಮಗೆ ಮಸಾಲೆ ಕಂಡಿದ್ದು ಬೇರೆ ಬಾಗಿಲಿನಿಂದ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟರೆ ಬಾಯಿಯೊಳಗೆಲ್ಲ ಹುಣ್ಣು ಬರುತ್ತದೆ. ಎರಡನೇ ವಾರಕ್ಕೆ ಗಂಜಿ ನುಂಗಲೂ ಕಣ್ಣೀರು. ನೋವಿಗೆ ಹೆದರಿ ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಊರಿಗೆ ಹೋದವರನ್ನು ನೋಡಿದ್ದೇನೆ. ಮಂಗಳೂರಿನ ವೈದ್ಯರು ಇಂಥ 80 ರೋಗಿಗಳಲ್ಲಿ ಅರ್ಧ ಮಂದಿಗೆ ಅರಿಶಿನದ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು, ಉಳಿದವರಿಗೆ ಮಾಮೂಲಿ ಪೊವಿಡೋನ್ ಅಯೋಡಿನ್. ಅರಿಶಿನದವರಿಗೆ ಹುಣ್ಣು ತಡವಾಗಿ ಬಂತು, ತೀವ್ರವಾಗಿದ್ದು ಕಡಿಮೆ ಮಂದಿಗೆ. 2014ರಲ್ಲಿ ಪ್ರಕಟವಾಯಿತು. ಸಣ್ಣ ಪರೀಕ್ಷೆ, ನಿಜ. ಅರಿಶಿನದ ಬಣ್ಣ ಮುಚ್ಚಿಡಲು ಆಗದ್ದರಿಂದ ಯಾವುದು ಕೊಟ್ಟಿದ್ದಾರೆ ಅಂತ ರೋಗಿಗಳಿಗೆ ಗೊತ್ತು, ಅದೂ ನಿಜ. ಆದರೆ ಇಲ್ಲಿ ಅರಿಶಿನ ರಕ್ತಕ್ಕೆ ಸೇರಲೇಬೇಕು ಅಂತ ಇಲ್ಲ ನೋಡಿ. ಹುಣ್ಣು ಇರುವ ಜಾಗಕ್ಕೇ ಹೋಗಿ ತಾಗುತ್ತದೆ.

ಶುಂಠಿಯೂ ಹಾಗೆಯೇ. ಕೀಮೋದ ವಾಂತಿಗೆ ಅಮೆರಿಕದಲ್ಲಿ 576 ಮಂದಿಯ ಮೇಲೆ ಪರೀಕ್ಷೆ ಆಗಿ 2012ರಲ್ಲಿ ಬಂತು. ಮಾಮೂಲಿ ವಾಂತಿ ಮಾತ್ರೆ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ, ಕೀಮೋಗೆ ಮೂರು ದಿನ ಮೊದಲೇ ಶುರು. ಮೊದಲ ದಿನದ ವಾಕರಿಕೆ ಕಡಿಮೆಯಾಯಿತು. ಒಂದೂವರೆ ಗ್ರಾಂ ಕೊಟ್ಟವರಿಗೆ ಅಷ್ಟು ಲಾಭ ಇಲ್ಲ, ಜಾಸ್ತಿ ಕೊಟ್ಟರೆ ಜಾಸ್ತಿ ಒಳ್ಳೆಯದು ಅಂತ ಇಲ್ಲ. ಸಿಸ್ಪ್ಲಾಟಿನ್ ಅನ್ನುವ ಜೋರು ಕೀಮೋ ಜೊತೆ ಇಟಲಿಯಲ್ಲಿ ನೋಡಿದಾಗ ಪ್ರಯೋಜನ ಕಾಣಲಿಲ್ಲ. ಅದನ್ನೂ ಹೇಳಬೇಕು.

ಬ್ಯಾಡಗಿ ಖಾರ

ನಾನು ಮೆಣಸಿನಕಾಯಿ ವ್ಯಾಪಾರದವ. ಎಲ್ಲರೂ ಮಸಾಲೆ ಕ್ಯಾನ್ಸರ್ ತಡೀತದ ಅಂತೀರಿ. ನಾನು ಉಲ್ಟಾ ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ.

ಮೆಣಸಿನಕಾಯಿ ಸರಿಯಾಗಿ ಒಣಗದೆ ಚೀಲ ತುಂಬಿದರೆ ಒಳಗೆ ಬೂಸ್ಟು ಹಿಡಿಯುತ್ತದೆ. ಹೊರಗೆ ಕೆಂಪಗೆ ಮಿರಿಮಿರಿ, ಮುರಿದರೆ ಒಳಗೆ ಬೂದು ಪುಡಿ. ನಾನು ಚೀಲದಲ್ಲಿ ಕೈ ಹಾಕಿ ತಳದಿಂದ ನಾಲ್ಕು ಕಾಯಿ ತೆಗೆದು ಮುರಿದೇ ನೋಡುವುದು. ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ, ಯಕೃತ್ತಿನ ಕ್ಯಾನ್ಸರಿಗೆ ಅದು ಖಚಿತ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಮೊದಲ ಪಟ್ಟಿಯಲ್ಲಿ ಹಾಕಿದೆ. ಇಂಥ ಕಾಯಿ ಬಿಸಾಡುವುದಿಲ್ಲ, ಅಗ್ಗಕ್ಕೆ ಪುಡಿ ಮಾಡುವವರಿಗೆ ಹೋಗುತ್ತದೆ. ಕುದಿಸಿದರೆ, ಹುರಿದರೆ ಅದು ಪೂರ್ತಿ ಹೋಗುವುದಿಲ್ಲ.

ಪುಡಿಗೆ ಬಣ್ಣ ಬರಲಿ ಅಂತ ಸೂಡಾನ್ ಅನ್ನುವ ಬಣ್ಣ ಬೆರೆಸುವ ಕೇಸು ಎಷ್ಟೋ ಆಗಿವೆ. 2005ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಕಾರಣಕ್ಕೆ ನೂರಾರು ತಿನಿಸು ಅಂಗಡಿಯಿಂದ ವಾಪಸ್ ಹೋದವು. ಬಾಂಗ್ಲಾದೇಶದಲ್ಲಿ ಅರಿಶಿನ ಕೊಂಬಿಗೆ ಹೊಳಪು ಬರಲಿ ಅಂತ ಸೀಸದ ಕ್ರೋಮೇಟ್ ಹಚ್ಚುತ್ತಿದ್ದುದು 2019ರಲ್ಲಿ ಬಯಲಾಯಿತು. 2024ರಲ್ಲಿ ಹಾಂಗ್‌ಕಾಂಗ್, ಸಿಂಗಪುರದವರು ನಮ್ಮ ದೇಶದ ಮಸಾಲೆ ಪೊಟ್ಟಣಗಳಲ್ಲಿ ಕ್ರಿಮಿ ಕೊಲ್ಲುವ ಎಥಿಲೀನ್ ಆಕ್ಸೈಡ್ ಇದೆ ಅಂತ ತಡೆದರು. ಅದೂ ಅದೇ ಮೊದಲ ಪಟ್ಟಿಯದ್ದು.

ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಬಣ್ಣ ಬೆರೆಸುವ ಅಗತ್ಯವೇ ಇಲ್ಲ. ಇಡೀ ಕಾಯಿ ತಗೊಂಡು ಮುರಿದು ನೋಡಿ, ಮನೆಯಲ್ಲೇ ಒಣಗಿಸಿ ಪುಡಿ ಮಾಡಿಸಿರಿ. ಸ್ವಂತ ವ್ಯಾಪಾರದ ಜಾಹೀರಾತು ಅಂದುಕೊಂಡರೂ ಪರವಾಗಿಲ್ಲ.

ದೂರದೂರಿನವ

ಇಡೀ ಚರ್ಚೆಯಲ್ಲಿ ಇದೇ ಬೆಸ್ಟ್ ಪೋಸ್ಟ್.

ಹಳೇ ಮೇಷ್ಟ್ರು

ಎಲ್ಲವನ್ನೂ ಓದಿದೆ. ಒಂದು ಮಾತು ಯಾರೂ ಎತ್ತಲಿಲ್ಲ. ಭಾರತೀಯರು ಅರಿಶಿನ ತಿನ್ನುವುದರಿಂದ ನಮ್ಮಲ್ಲಿ ಕ್ಯಾನ್ಸರ್ ಕಡಿಮೆ ಅಂತ ಸದಾ ಕೇಳುತ್ತೇವೆ. ಬಾಯಿಯ ಕ್ಯಾನ್ಸರ್ ನಮ್ಮಲ್ಲೇ ಅಲ್ವಾ ಜಾಸ್ತಿ? ಅದೇ ಬಾಯಿಂದಲೇ ತಾನೇ ದಿನಾ ಅರಿಶಿನ ಒಳಗೆ ಹೋಗುವುದು? ತಂಬಾಕು, ಗುಟ್ಕಾದ ಎದುರು ಒಗ್ಗರಣೆ ಏನು ಮಾಡೀತು. ಅಡಿಕೆಯನ್ನೂ, ತಂಬಾಕು ಇಲ್ಲದಿದ್ದರೂ, 2004ರಲ್ಲೇ ಆ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಈ ಮಾತು ಮಲೆನಾಡಿನಲ್ಲಿ ಹೇಳಿದರೆ ಊಟ ಹಾಕುವುದಿಲ್ಲ.

ಶಿರಸಿ ಕಡೆಯವಳು

ಮೇಷ್ಟ್ರೇ, ನಮ್ಮ ಮನೆಯ ಅನ್ನ ಅಡಿಕೆಯದ್ದೇ. ನಾನು ಓದಿದ್ದೂ ಅದರಲ್ಲೇ. ಅಪ್ಪ ಎಲೆ ಅಡಿಕೆ ಹಾಕುವುದು ಬಿಟ್ಟು ಎಂಟು ತಿಂಗಳಾಯಿತು, ಆಯಿಯ ಆಪರೇಷನ್ ದಿನ ಆಸ್ಪತ್ರೆಯ ಹೊರಗೆ ಉಗುಳಿ ಬಂದವ ಮತ್ತೆ ಹಾಕಲಿಲ್ಲ. ತೋಟ ಮಾತ್ರ ಹಾಗೇ ಇದೆ. ಅದರ ಬಗ್ಗೆ ನನಗೆ ಏನು ಹೇಳಬೇಕು ಅಂತ ತಿಳಿಯುವುದಿಲ್ಲ. ಊಟಕ್ಕೆ ಬನ್ನಿ, ಹಾಕುತ್ತೇವೆ.

ಇವತ್ತು ಡಾಕ್ಟರ್ ಸಿಕ್ಕರು. ಬಾಟಲಿಯ ಫೋಟೊ ಕಳಿಸಿದೆ. ಮಾತ್ರೆ ನಿಲ್ಲಿಸಿ ಅಂದರು, ಮುಂದಿನ ವಾರ ಯಕೃತ್ತಿನ ರಕ್ತ ಪರೀಕ್ಷೆ ಮಾಡಿಸಿ ಅಂದರು. ಬೈಯಲಿಲ್ಲ. ಹೀಗೆ ತಗೊಳ್ಳುವವರಲ್ಲಿ ಬಂದು ಹೇಳುವವರೇ ಕಡಿಮೆ, ನೀವು ಹೇಳಿದಿರಲ್ಲ ಅಂದರು. ಅಡುಗೆಗೆ ಹಾಕುವ ಅರಿಶಿನ, ಮೆಣಸು ಬಿಡಬೇಡಿ, ಊಟ ರುಚಿಯಾಗಿರಲಿ ಅಂತಲೂ ಹೇಳಿದರು.

ಆಯಿಗೆ ಮಾತ್ರ ಸಮಾಧಾನ ಇಲ್ಲ. ಅರಿಶಿನ ಒಳ್ಳೆಯದು ಅಂತಲೂ ಹೇಳುತ್ತೀರಿ, ಬೇಡ ಅಂತಲೂ ಹೇಳುತ್ತೀರಿ ಅಂತ ಅವಳ ತಕರಾರು.

ಲ್ಯಾಬ್ ಕೋಟು

ಆಯಿಗೆ ಒಂದು ಒಳ್ಳೆಯ ಸುದ್ದಿ ಹೇಳಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 2007ರಲ್ಲಿ ಒಂದು ಕೆಲಸ ಮಾಡಿದ್ದರು, ನನಗೆ ಬಹಳ ಇಷ್ಟವಾದದ್ದು. ಅಡುಗೆ ಮಾಡುವಾಗ ಮಸಾಲೆಯ ಸತ್ವ ಎಷ್ಟು ಹೋಗುತ್ತದೆ ಅಂತ ಅಳೆದರು. ಅರಿಶಿನ ಬೇಯಿಸಿದರೆ ಕರ್ಕ್ಯುಮಿನ್ 27ರಿಂದ 53% ಹೋಗುತ್ತದೆ, ಕುಕ್ಕರಿನಲ್ಲಿ ಹತ್ತು ನಿಮಿಷ ಇಟ್ಟರೆ ಎಲ್ಲಕ್ಕಿಂತ ಜಾಸ್ತಿ. ತೊಗರಿಬೇಳೆ ಜೊತೆ ಹಾಕಿದರೂ ಅಷ್ಟೇ. ಹುಣಸೆಹಣ್ಣು ಸೇರಿಸಿದಾಗ ಮಾತ್ರ ನಷ್ಟ 12ರಿಂದ 30%ಗೆ ಇಳಿಯಿತು. ಕಾಳುಮೆಣಸಿನ ಖಾರವೂ 16ರಿಂದ 34% ಹೋಗುತ್ತದೆ, ಬೇಳೆ ಜೊತೆ ಇದ್ದರೆ ಸ್ವಲ್ಪ ಕಡಿಮೆ. ಬೇಳೆ, ಹುಣಸೆ, ಅರಿಶಿನ, ಮೆಣಸು. ಏನಿದು ಹೇಳಿ?

ಬ್ಯಾಡಗಿ ಖಾರ

ಸಾರು!

ಲ್ಯಾಬ್ ಕೋಟು

ಹೌದು. ಕಾರಣ ನಿಮ್ಮ ಮನೆಯ ಆರತಿ ತಟ್ಟೆಯಲ್ಲೇ ಇದೆ. ಓಕುಳಿ ಮಾಡಲು ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಆಗ ಕರ್ಕ್ಯುಮಿನ್ ರೂಪ ಬದಲಿಸಿ ಬೇಗ ಒಡೆಯಲು ಶುರುವಾಗುತ್ತದೆ. ಹುಳಿ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ರಕ್ತ ಸ್ವಲ್ಪ ಸುಣ್ಣದ ಕಡೆಗೇ, ಅಂದರೆ ಕ್ಷಾರದ ಕಡೆಗೇ, ವಾಲಿರುವುದು. ಲ್ಯಾಬಿನಲ್ಲಿ ಹೆಚ್ಚುಕಡಿಮೆ ಅಂಥದೇ ದ್ರಾವಣದಲ್ಲಿ, ಮೈಯಷ್ಟೇ ಬಿಸಿಯಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ಸುಮಾರು 90% ಒಡೆದುಹೋಗುತ್ತದೆ. ರಕ್ತದಲ್ಲಿ ಬೇರೆ ಪದಾರ್ಥಗಳಿರುವುದರಿಂದ ಸ್ವಲ್ಪ ನಿಧಾನ.

ಸಾರು ಕ್ಯಾನ್ಸರ್ ಗುಣ ಮಾಡುತ್ತದೆ ಅಂತ ನಾನು ಹೇಳಿದೆ ಅಂತ ಫಾರ್ವರ್ಡ್ ಮಾಡಬೇಡಿ ಮತ್ತೆ. ಸಾರು ಸಾರೇ.

ಕಷಾಯಪ್ರಿಯ

ನಾನು ಮಾಡುವುದಿಲ್ಲ. ನಮ್ಮ ಷಡ್ಡಕ ಮಾಡುತ್ತಾನೆ.

ಶಿರಸಿ ಕಡೆಯವಳು

ಹುಣಸೆ, ಸುಣ್ಣದ ಕಥೆಯನ್ನು ಆಯಿಗೆ ಓದಿ ಹೇಳಿದೆ. ಓಕುಳಿ ಮಾತು ಬಂದ ಕೂಡಲೇ ಎದ್ದು ಹೋಗಿ, ಒಂದು ಬಟ್ಟಲಿಗೆ ಅರಿಶಿನದ ನೀರು ಹಾಕಿ ಮಾವನ ಮಾತ್ರೆ ಒಂದನ್ನು ಬಿಚ್ಚಿ ಇನ್ನೊಂದು ಬಟ್ಟಲಿಗೆ ಸುರಿದಳು. ಎರಡಕ್ಕೂ ಅಪ್ಪನ ಹಳೆಯ ಸುಣ್ಣದ ಡಬ್ಬಿಯಿಂದ ಚೂರು ಸುಣ್ಣ. ನಮ್ಮ ಹಿತ್ತಲ ಅರಿಶಿನ ಕೆಂಪಾಯಿತು. ಮಾತ್ರೆಯದ್ದು ಇನ್ನೂ ಗಾಢ ಕೆಂಪು.

"ಇದು ಖರೆ ಅರಿಶಿನವೇ" ಅಂದಳು. ಆಮೇಲೆ ಉಳಿದ ಎರಡೂವರೆ ಬಾಟಲಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ನವರಾತ್ರಿಗೆ ಓಕುಳಿಗೆ ಬರುತ್ತದಂತೆ. ಮಾವನಿಗೆ ನಾನಂತೂ ಹೇಳುವುದಿಲ್ಲ.